‘ಬಿದ್ದಿಲ್ರಿ’ ಎಂದವರನ್ನು ನಂಬದ ಕಾಕಾ

ಗೋಕಾಕದ ಪ್ಯಾಟಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುತ್ತಿದ್ದ ಕಾಕಾ ಹೋಗಿಬಿಟ್ಟರಂತೆ. ಮೂಡಲಗಿ ಬಸ್ಸಿನಲ್ಲಿ ನನ್ನ ಬಾಜೂ ಕುಳಿತಿದ್ದ ಅವರ ಹಳೆಯ ಗಿರಾಕಿಯೊಬ್ಬ ಹೇಳಿದ. ಹೇಳಿದವನು ಅಷ್ಟಕ್ಕೇ ಸುಮ್ಮನಾಗದೆ, ‘ಭಾಳ ಛಲೋ ಮನಶ್ಯಾ ಇದ್ರು ನೋಡ್ರಿ ಮಾಸ್ತರ’ ಎಂದು ಸೇರಿಸಿದ. ನನಗೆ ನಗು ತಡೆಯಲಾಗಲಿಲ್ಲ. ಇದೇ ಗಿರಾಕಿಗೆ ಅದೇ ಕಾಕಾ ಹತ್ತು ಮಂದಿಯ ಎದುರು, ‘ನಿನಗಿಂತ ನಿನ್ನ ಎಮ್ಮಿಗೆ ಹೆಚ್ಚು ಬುದ್ಧಿ ಐತಿ, ಮುಂದಿನ ಸಲ ಅದನ್ನ ಕಳಸು’ ಎಂದದ್ದನ್ನು ನಾನು ಈ ಕಿವಿಯಿಂದಲೇ ಕೇಳಿದ್ದೆ. ಸತ್ತ ಮರುದಿನವೇ ಎಲ್ಲರೂ ಛಲೋ ಮನುಷ್ಯರಾಗಿಬಿಡುವುದು ನಮ್ಮ ಕಡೆಯ ಒಂದು ಹಳೆಯ ರೋಗ.

ನನಗೆ ಆ ರೋಗವಿಲ್ಲ. ಅವರು ಬದುಕಿದ್ದಾಗ ನನಗೆ ಅವರನ್ನು ಕಂಡರಾಗುತ್ತಿರಲಿಲ್ಲ. ಕೆಟ್ಟ ಬಾಯಿಯ, ಮೊಂಡ, ಸೊಕ್ಕಿನ ಮುದುಕ. ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಬೇಕಾದದ್ದು ಬೇರೆ ಇದೆ, ಅದಕ್ಕೆ ಸ್ವಲ್ಪ ಧೈರ್ಯ ಬೇಕು.

ಅವರದನ್ನು ಅಂಗಡಿ ಎಂದು ಕರೆದರೆ ಉಳಿದ ಅಂಗಡಿಗಳಿಗೆ ಅವಮಾನ. ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ ಉಳಿದ ಜಾಗ ಅದು. ಒಳಗೆ ಒಬ್ಬರು ಕುಳಿತರೆ ಇನ್ನೊಬ್ಬರ ಮೊಣಕಾಲು ರಸ್ತೆಗೆ ಬರುತ್ತಿತ್ತು. ಮೊದಲು ಅಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಆಮೇಲೆ ರೀಲಿನ ಕ್ಯಾಮೆರಾ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಕ್ಕೆ ಸಾಬೂನಿನ ಗಾತ್ರದ, ಬೆಳ್ಳಿ ಬಣ್ಣದ ಡಿಜಿಟಲ್ ಕ್ಯಾಮೆರಾಗಳು ನಮ್ಮ ಕಡೆ ಬಂದವು. ಮಿಲಿಟರಿಯಿಂದ ರಜೆಗೆ ಬಂದವನ ಕೈಯಲ್ಲಿ ಒಂದು, ಕಬ್ಬಿನ ಬಿಲ್ಲು ಬಂದವನ ಕೈಯಲ್ಲಿ ಒಂದು. ಎಲ್ಲರೂ ಫೋಟೋಗ್ರಾಫರೇ. ಗುಂಡಿ ಒತ್ತಿದರೆ ಸಾಕು ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಯಾವ ಗುಂಡಿ ಎಂದು ಇವರು ಕೇಳಿರಲಿಲ್ಲ. ಹೀಗಾಗಿ ಕಾಕಾನಿಗೆ ಕೆಲಸಕ್ಕೂ ಕೊರತೆ ಇರಲಿಲ್ಲ, ಬೈಗುಳಕ್ಕೂ ಇರಲಿಲ್ಲ.

ಜೈನರ ಪೈಕಿ. ಬಿಳಿ ಧೋತರ, ಬಿಳಿ ಅಂಗಿ, ತೆಳ್ಳಗಿನ ಮೈ. ಬಲಗಣ್ಣಿಗೆ ಗಡಿಯಾರ ರಿಪೇರಿಯವರು ಹಾಕಿಕೊಳ್ಳುವ ಕರಿಯ ಭೂತಗನ್ನಡಿಯ ಬಿಲ್ಲೆ. ಆ ಕಣ್ಣು ಕ್ಯಾಮೆರಾ ನೋಡುತ್ತಿದ್ದಾಗ ಎಡಗಣ್ಣು ನಮ್ಮನ್ನು ನೋಡುತ್ತಿತ್ತು. ಹೊತ್ತು ಮುಳುಗುವುದರೊಳಗೆ ಊಟ ಆಗಬೇಕೆಂಬ ನೇಮದವರು. ಐದು ಗಂಟೆಗೆ ಎದ್ದು ಹೋಗಿಬಿಡುತ್ತಿದ್ದರು. ಎದುರಿಗೆ ನಿಂತ ಗಿರಾಕಿ ಕೌಜಲಗಿಯಿಂದ ಎರಡು ಬಸ್ಸು ಬದಲಿಸಿ ಬಂದವನಿರಲಿ, ಬೆಳಗಾವಿಗೆ ಹೊರಟ ಸಾಹೇಬನಿರಲಿ, ‘ನಾಳೆ ಬರ್ರಿ’ ಎನ್ನುವ ಒಂದೇ ಮಾತು.

ಕ್ಯಾಮೆರಾ ಕೈಗೆ ಕೊಟ್ಟ ಕೂಡಲೇ ಅವರು ಅದನ್ನು ಬಿಚ್ಚುತ್ತಿರಲಿಲ್ಲ. ಮೊದಲು ವಿಚಾರಣೆ ನಡೆಯಬೇಕು.

‘ಬಿದ್ದೈತೇನು?’

‘ಇಲ್ರಿ ಕಾಕಾ.’

‘ನೀರ ಹೊಕ್ಕೈತೇನು?’

‘ಛೇ ಛೇ, ಇಲ್ರಿ.’

‘ಯಾರರೆ ಬಿಚ್ಚ್ಯಾರೇನು?’

‘ಯಾರೂ ಮುಟ್ಟಿಲ್ರಿ.’

ಕಾಕಾ ಕ್ಯಾಮೆರಾವನ್ನು ಹೊಳ್ಳಿ ಗಿರಾಕಿಯ ಕಡೆ ಸರಿಸುತ್ತಿದ್ದರು. ‘ಹಂಗಾದ್ರ ಇದಕ್ಕ ಏನೂ ಆಗಿಲ್ರಿ. ಮನಿಗೆ ಒಯ್ದು ಜಗಲಿ ಮ್ಯಾಲ ಇಟ್ಟು ಪೂಜಾ ಮಾಡ್ರಿ.’

ಗಿರಾಕಿ ಅಲ್ಲಿಯೇ ನಿಲ್ಲುತ್ತಿದ್ದ. ಕಾಕಾ ಇನ್ನೊಂದು ಕ್ಯಾಮೆರಾ ಕೈಗೆತ್ತಿಕೊಂಡು ಅವನನ್ನು ಮರೆತೇಬಿಡುತ್ತಿದ್ದರು. ಐದು ನಿಮಿಷ, ಹತ್ತು ನಿಮಿಷ. ಹಿಂದೆ ಸರದಿ ಬೆಳೆಯುತ್ತಿತ್ತು. ಕೊನೆಗೆ ಗಿರಾಕಿ ದನಿ ತಗ್ಗಿಸಿ, ‘ಸಣ್ಣ ಹುಡುಗ ಬಾಲ್ದ್ಯಾಗ ಕೆಡವಿದ್ದ್ರಿ’ ಎನ್ನುತ್ತಿದ್ದ. ಆಗ ಇಡೀ ಪ್ಯಾಟಿಗೆ ಕೇಳುವಂತೆ ಕಾಕಾ, ‘ಈಗ ಬಾಯಿ ಬಿಟ್ರಿ ನೋಡ್ರಿ. ಬಾಲ್ದ್ಯಾಗ ಬಿದ್ದದ್ದನ್ನ ತಗದು, ಒರಸದ, ಚಾಲೂ ಆಗತೈತೇನು ಅಂತ ಹತ್ತ ಸಲ ಗುಂಡಿ ಒತ್ತೀರಿ. ಹೌದಲ್ಲ? ನೀರಿಗೆ ಸತ್ತಿಲ್ಲ ಇದು, ನಿಮ್ಮ ಬೆರಳಿಗೆ ಸತ್ತೈತಿ’ ಎನ್ನುತ್ತಿದ್ದರು. ಅದು ಹೌದೇ ಆಗಿರುತ್ತಿತ್ತು.

ಒಮ್ಮೆ ನಾನು ಕೇಳಿದೆ: ಬಿಚ್ಚಿದರೆ ಹೇಗೂ ನಿಮಗೆ ತಿಳಿಯುತ್ತದಲ್ಲ, ಮಂದಿಯ ಮಾನ ಯಾಕೆ ತೆಗೆಯುತ್ತೀರಿ? ಅವರು ತಲೆಯೆತ್ತದೆ ಹೇಳಿದರು. ‘ಬಿದ್ದದ್ದ ಬ್ಯಾರೆ ಮಾಸ್ತರ, ನೀರ ಹೊಕ್ಕದ್ದ ಬ್ಯಾರೆ, ಉಸುಕು ಹೊಕ್ಕದ್ದ ಬ್ಯಾರೆ. ಒಂದರ ಔಷಧ ಇನ್ನೊಂದಕ್ಕ ಹಾಕಿದ್ರ ಸಾಯತೈತಿ. ಮಶೀನಿಗೆ ಸುಳ್ಳ ಹೇಳಾಕ ಬರೂದಿಲ್ಲ, ಆದ್ರ ಅದಕ್ಕ ಬಾಯೂ ಇಲ್ಲ. ಬಾಯಿ ಇದ್ದಾವ್ರು ಖರೆ ಹೇಳಬೇಕಲ್ಲ?’ ಮಾತು ಸರಿ. ಆದರೆ ಮಂದಿಯನ್ನು ಬಗ್ಗಿಸಿ ನಿಲ್ಲಿಸಿ ಖರೆ ಹೇಳಿಸುವುದರಲ್ಲಿ ಅವರಿಗೆ ಒಂದು ರುಚಿಯೂ ಇತ್ತು. ಅದನ್ನು ಅವರು ಎಂದೂ ಒಪ್ಪಲಿಲ್ಲ.

ನಮ್ಮ ಮಂದಿಯೂ ಕಡಿಮೆಯವರಲ್ಲ ಬಿಡಿ. ಮೂಡಲಗಿಯ ಒಬ್ಬ ಕಿರಾಣಿ ವ್ಯಾಪಾರಿ ದಸರೆ ಮುಗಿದ ವಾರವೇ ಬಂದಿದ್ದ. ಫೋಟೋದಲ್ಲಿ ಎಲ್ಲರೂ ಮಂಜಿನಲ್ಲಿ ನಿಂತ ಹಾಗೆ ಕಾಣುತ್ತಾರೆ ಎಂಬುದು ಅವನ ದೂರು. ಕಾಕಾ ಗುಂಡಿ ಒತ್ತಿದರು, ಲೆನ್ಸು ಹೊರಬಂತು, ಬಿಲ್ಲೆ ಹಾಕಿಕೊಂಡು ನೋಡಿದರು. ಗಾಜಿನ ಮೇಲೆ ಅಡ್ಡಡ್ಡ ಮೂರು ಬಿಳಿ ಪಟ್ಟಿ. ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ದಿನ ತಕ್ಕಡಿ, ಮೋಟಾರ್ ಸೈಕಲ್ಲುಗಳ ಜತೆ ಕ್ಯಾಮೆರಾವನ್ನೂ ಇಟ್ಟಿದ್ದರು. ಅದು ಕಣ್ಣು ಮುಚ್ಚಿಕೊಂಡಿದ್ದರೆ ಪೂಜೆ ಸಲ್ಲುವುದು ಹೇಗೆಂದು ಚಾಲೂ ಮಾಡಿ, ಮೂತಿ ಹೊರಗೆ ಬಂದ ಮೇಲೆ ಭಕ್ತಿಯಿಂದ ಮೂರು ಬೆರಳು ವಿಭೂತಿ ಎಳೆದಿದ್ದರು.

‘ಇದು ಹಣಿ ಅಲ್ಲೋ ಮಾರಾಯಾ, ಕಣ್ಣು!’ ಎಂದು ಕಾಕಾ ಕೂಗಿದರು. ‘ನಿನ್ನ ಕಣ್ಣಾಗ ವಿಭೂತಿ ಹಚಗೊಂಡು ಇಲ್ಲಿಂದ ಮೂಡಲಗಿತನಕ ನಡದು ತೋರಸು. ಆಮ್ಯಾಲ ರಿಪೇರಿ ಮಾಡತೇನಿ.’

ಇನ್ನೊಬ್ಬನದು ಲಗ್ನದ ಮನೆಯ ಕ್ಯಾಮೆರಾ. ಲೆನ್ಸು ಅರ್ಧ ಬಂದು ನಿಂತಿದೆ, ಒಳಗೂ ಹೋಗದು. ಪರದೆಯ ಮೇಲೆ ಲೆನ್ಸ್ ತಪ್ಪು ಎಂದು ಇಂಗ್ಲಿಷಿನಲ್ಲಿ ಒಂದೇ ಸಮನೆ ಬರುತ್ತಿದೆ. ಕಾಕಾ ಸೂಜಿಯಿಂದ ಲೆನ್ಸಿನ ಸುತ್ತಿನ ಸಂದಿಯಲ್ಲಿ ಕೆದಕಿ ಅರಿಶಿಣ ಹಚ್ಚಿದ ಒಂದು ಅಕ್ಕಿಕಾಳು ತೆಗೆದರು. ವಧೂವರರ ತಲೆಯ ಮೇಲೆ ಬೀಳಬೇಕಾದದ್ದು ಇಲ್ಲಿ ಬಿದ್ದು ಸಿಕ್ಕಿಕೊಂಡಿತ್ತು. ಕಾಕಾ ಎದ್ದು ನಿಂತು, ಆ ಒಂದು ಕಾಳನ್ನು ಗಿರಾಕಿಯ ತಲೆಯ ಮೇಲೆ ಒಗೆದು, ‘ಶುಭಮಂಗಲ ಆತ್ರಿ, ಇನ್ನ ಮನಿಗೆ ನಡೀರಿ’ ಎಂದರು. ಸರದಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಹುಕ್ಕೇರಿಯ ಒಬ್ಬ ವಕೀಲರು ಕ್ಯಾಮೆರಾದ ಮೆಮೊರಿ ಕಾರ್ಡ್ ಕೆಟ್ಟಿದೆ, ಹೊಸದು ಹಾಕಿಕೊಡಿ ಎಂದು ಬಂದರು. ಕಾಕಾ ಕಾರ್ಡು ಹೊರತೆಗೆದು, ಅದರ ಅಂಚಿನಲ್ಲಿದ್ದ ಎಳ್ಳಿನಷ್ಟು ಕೀಲಿಯನ್ನು ಉಗುರಿನಿಂದ ಮೇಲೆ ಸರಿಸಿ ಹೊಳ್ಳಿ ಹಾಕಿದರು. ಕ್ಯಾಮೆರಾ ಸರಿಯಾಯಿತು. ‘ವಕೀಲ್ರ, ಕೀಲಿ ಕೈಯಾಗ ಹಿಡಕೊಂಡು ಬಾಗಲಾ ಬಡ್ಯಾಕತ್ತಿದ್ರಲ್ರಿ’ ಎಂದರು. ವಕೀಲರು ಆ ಮೇಲೆ ಎಂದೂ ಆ ಕಡೆ ಸುಳಿಯಲಿಲ್ಲ.

ಮನುಷ್ಯರ ಮೇಲೆ ಇಷ್ಟು ಹರಿಹಾಯುತ್ತಿದ್ದವರು ಇರುವೆಯ ಮುಂದೆ ಮೆತ್ತಗಾಗುತ್ತಿದ್ದರು. ಯಾರೋ ಕರದಂಟಿನ ಪೊಟ್ಟಣದ ಜತೆ ಒಂದೇ ಚೀಲದಲ್ಲಿ ಕ್ಯಾಮೆರಾ ಹಾಕಿಕೊಂಡು ಮುಂಬೈತನಕ ಹೋಗಿ ಬಂದಿದ್ದರು. ಗುಂಡಿಗೆಲ್ಲ ಬೆಲ್ಲ ಅಂಟಿ, ಒಳಗೆ ಸಣ್ಣ ಇರುವೆ ಸೇರಿ, ಪರದೆಯ ಹಿಂದೆ ಓಡಾಡುತ್ತಿದ್ದವು. ಬೇರೆ ಯಾರಾದರೂ ಊದಿ, ಒರೆಸಿ, ಒಂದು ತಾಸಿನಲ್ಲಿ ಕೊಡುತ್ತಿದ್ದರು. ಇವರು ಕ್ಯಾಮೆರಾ ಬಿಚ್ಚಿ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಒಂದು ಚಿಟಿಕೆ ಸಕ್ಕರೆ ಹಾಕಿ, ಇರುವೆ ತಾವಾಗಿ ಹೊರಡಲೆಂದು ಮೂರು ದಿನ ಕಾದರು. ಗಿರಾಕಿ ಮೂರು ದಿನ ಬಂದು ಬಂದು ಬೈದು ಹೋದ. ‘ಅವು ಯಾರ ಮ್ಯಾಲೂ ಸುಳ್ಳ ಹೇಳಿಲ್ಲಪಾ, ಅವಕ್ಯಾಕ ಶಿಕ್ಷಾ?’ ಎಂದರು ಕಾಕಾ. ಇರುವೆಗೆ ತೋರಿಸಿದ ಮರ್ಯಾದೆಯಲ್ಲಿ ಕಾಲುಭಾಗ ನಮಗೆ ತೋರಿಸಿದ್ದರೂ ನಾನು ಅವರನ್ನು ಸಂತ ಎನ್ನುತ್ತಿದ್ದೆ.

ಈಗ ನನ್ನ ಸರದಿ. ನಾನಾಗ ಮೂಡಲಗಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮಾಸ್ತರ. ಶಾಲೆಗೆ ಚೇರ್ಮನ್ನರು ಒಂದು ಕ್ಯಾಮೆರಾ ಕೊಡಿಸಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಬಿತ್ತು. ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ನಾನು ತೆಗೆದ ಫೋಟೋಗಳಲ್ಲಿ ಮುಖ್ಯ ಅತಿಥಿಗಳಿಂದ ಹಿಡಿದು ಕೋಲಾಟದ ಹುಡುಗಿಯರವರೆಗೆ ಒಬ್ಬರ ಮುಖವೂ ನೆಟ್ಟಗೆ ಕಾಣಲಿಲ್ಲ. ಕ್ಯಾಮೆರಾ ಕೆಟ್ಟಿದೆಯೆಂದು ಗೋಕಾಕಕ್ಕೆ ಒಯ್ದೆ. ಕಾಕಾ ನೋಡಿದರು. ಪರದೆಯ ಮೂಲೆಯಲ್ಲಿ ಒಂದು ಹೂವಿನ ಗುರುತಿತ್ತು.

‘ಮಾಸ್ತರ, ಈ ಹೂವು ಯಾಕ ಐತಿ ಗೊತ್ತೈತೇನ್ರಿ?’

‘ಅಂದಕ್ಕ ಇಟ್ಟಿರಬೇಕ್ರಿ’ ಎಂದೆ.

ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಸರದಿಯ ಕಡೆ ತಿರುಗಿ, ‘ನೋಡ್ರಿಪಾ, ನಿಮ್ಮ ಮಕ್ಕಳಿಗೆ ಕಲಸಾವ್ರು’ ಎಂದರು. ‘ಗೇಣು ದೂರದಾಗ ಹೂವು, ಹುಳದ ಫೋಟೋ ತಗ್ಯಾಕ ಇಟ್ಟ ಗುಂಡಿ ಒತ್ತಿ, ಇಡೀ ಗ್ಯಾದರಿಂಗ ತಗದಾರ. ಅಂದಕ್ಕ ಇಟ್ಟಾರಂತ!’ ಆ ಸರದಿಯಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳ ತಂದೆಯರಿದ್ದರು. ವಾರದೊಳಗೆ ಹತ್ತನೆಯ ಇಯತ್ತೆಯ ಹುಡುಗರು ನನ್ನ ಬೆನ್ನ ಹಿಂದೆ ‘ಹೂವಿನ ಮಾಸ್ತರ’ ಎನ್ನತೊಡಗಿದರು. ಈ ಸಿಟ್ಟನ್ನು ನಾನು ಎದೆಯಲ್ಲಿ ಜೋಪಾನವಾಗಿ ಇಟ್ಟುಕೊಂಡೆ.

ಮರುವರ್ಷ ಆಷಾಢದಲ್ಲಿ ಆ ಕ್ಯಾಮೆರಾದ ಲೆನ್ಸಿನ ಮುಂದಿನ ಮುಚ್ಚಳದ ಎಸಳು ಸರಿಯಾಗಿ ತೆರೆಯದೆ ಫೋಟೋದ ಮೂಲೆಗಳು ಕಪ್ಪಾಗುತ್ತಿದ್ದವು. ಕಾಕಾನಿಗೇ ಕೊಡಬೇಕಾಯಿತು. ನೂರು ಬೈದರೂ ಸುತ್ತ ಮೂರು ತಾಲೂಕಿನಲ್ಲಿ ಅವರಂಥ ಕೈ ಇನ್ನೊಂದಿರಲಿಲ್ಲ, ಅದನ್ನು ನಾನು ಆಗಲೂ ಒಪ್ಪಿದ್ದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೋಗಿ ಇಸಿದುಕೊಂಡೆ. ಹೊಸದರಂತೆ ಮಾಡಿದ್ದರು. ‘ಛಲೋ ಆಗೇತ್ರಿ ಮಾಸ್ತರ, ಸಾವಕಾಶ ಬಳಸ್ರಿ’ ಎಂದರು. ಅವರ ಬಾಯಿಂದ ನಾನು ಕೇಳಿದ ಒಂದೇ ಒಳ್ಳೆಯ ಮಾತು ಅದು.

ಅಂದು ನನ್ನ ಹೆಂಡತಿಯೂ ಜತೆಗೆ ಬಂದಿದ್ದಳು. ಹೊಳೆ ತುಂಬಿದೆ, ಫಾಲ್ಸ್ ನೋಡಿಯೇ ಹೋಗೋಣ ಎಂದಳು. ಶಾಲೆಯ ಕ್ಯಾಮೆರಾ ಸ್ವಂತಕ್ಕೆ ಬಳಸಕೂಡದೆಂದು ಹೆಡ್‌ಮಾಸ್ತರರ ಕಟ್ಟಪ್ಪಣೆ ಇತ್ತು. ನಾನಾಗ ಕಾಯಂ ಆಗಿರಲಿಲ್ಲ. ಏಳು ವರ್ಷ ದುಡಿದಿದ್ದೆ, ಆ ವರ್ಷ ನನ್ನ ಹೆಸರು ಮಂಡಳಿಯ ಮುಂದೆ ಹೋಗುವುದಿತ್ತು. ಹೆಡ್‌ಮಾಸ್ತರರು ಎರಡು ಸಾಲು ಒಳ್ಳೆಯದು ಬರೆದರೆ ನೌಕರಿ, ಇಲ್ಲವಾದರೆ ಊರು ಬಿಡುವುದು. ಇಷ್ಟೆಲ್ಲ ಗೊತ್ತಿದ್ದೂ ಫಾಲ್ಸಿನ ಬಂಡೆಯ ಮೇಲೆ ಹೆಂಡತಿಯನ್ನು ನಿಲ್ಲಿಸಿ, ಇನ್ನೂ ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ ಹಿಂದೆ ಎಂದು ನಾನು ಸರಿಯುತ್ತಿದ್ದಾಗ ಪಾಚಿಗೆ ಕಾಲು ಜಾರಿತು. ನನಗೆ ಏನೂ ಆಗಲಿಲ್ಲ. ಕ್ಯಾಮೆರಾ ಮೂತಿ ಕೆಳಗಾಗಿ ಕಲ್ಲಿಗೆ ಬಡಿಯಿತು. ಎತ್ತಿ ನೋಡಿದರೆ ಲೆನ್ಸು ಒಂದು ಮಗ್ಗುಲಿಗೆ ಬಾಗಿ ನಿಂತಿದೆ, ಗುಂಡಿ ಒತ್ತಿದರೆ ಕರ್‌ ಕರ್ ಎಂದು ಸುಮ್ಮನಾಗುತ್ತದೆ. ಮೂಲೆಯಲ್ಲಿ ಒಂದು ಸಣ್ಣ ತಗ್ಗು.

‘ಹೆಡ್‌ಮಾಸ್ತರಿಗೆ ಖರೆ ಹೇಳಿಬಿಡ್ರಿ’ ಎಂದಳು ಹೆಂಡತಿ.

‘ನಿನಗೇನ ಗೊತ್ತಾಗತೈತಿ, ಬಾಯಿ ಮುಚ್ಚು’ ಎಂದೆ.

ಭಾನುವಾರವೆಲ್ಲ ಕುಳಿತು ಆ ತಗ್ಗಿನೊಳಗಿನ ಕಲ್ಲಿನ ಪುಡಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದೆ. ಸೋಮವಾರ ಹೆಡ್‌ಮಾಸ್ತರರು ಕ್ಯಾಮೆರಾ ಕೇಳಿದಾಗ ನನ್ನ ಬಾಯಿಂದ ಸಲೀಸಾಗಿ ಬಂತು: ‘ಗೋಕಾಕದ ಮುದಕ ಹಾಳ ಮಾಡಿ ಕೊಟ್ಟಾನ್ರಿ ಸರ್. ತಂದಾಗಿಂದ ಕಪಾಟಿನ್ಯಾಗ ಇತ್ತು, ಇವತ್ತ ತಗದು ನೋಡಿದ್ರ ಹಿಂಗ.’

ಹೆಡ್‌ಮಾಸ್ತರರು ಬಿಡುವ ಪೈಕಿ ಅಲ್ಲ. ‘ನಡೀರಿ, ಕೇಳಿಬಿಡೂಣು’ ಎಂದು ಮರುದಿನವೇ ನನ್ನನ್ನು ಕರೆದುಕೊಂಡು ಗೋಕಾಕದ ಬಸ್ಸು ಹತ್ತಿದರು. ಬಾಲ್ದಿಯ ನೀರನ್ನೂ ವಿಭೂತಿಯನ್ನೂ ಒಂದೇ ನೋಟಕ್ಕೆ ಹಿಡಿಯುವ ಮನುಷ್ಯ, ಕಲ್ಲಿಗೆ ಬಡಿದದ್ದನ್ನು ಹಿಡಿಯುವುದಿಲ್ಲವೇ? ಹೆಡ್‌ಮಾಸ್ತರರ ಎದುರಿಗೇ ಹಿಡಿಯುತ್ತಾರೆ. ಅಲ್ಲಿಗೆ ನನ್ನ ನೌಕರಿಯ ಕಥೆ ಮುಗಿಯಿತು ಎಂದುಕೊಂಡೆ.

ಕಾಕಾ ಕ್ಯಾಮೆರಾ ತೆಗೆದುಕೊಂಡರು. ‘ಬಿದ್ದೈತೇನ್ರಿ ಮಾಸ್ತರ?’

‘ಬಿದ್ದಿಲ್ರಿ.’

ಬಿಲ್ಲೆ ಹಾಕಿಕೊಂಡು ನೋಡಿದರು. ತೆಗೆದು ಒರೆಸಿ ಮತ್ತೆ ನೋಡಿದರು. ಎದ್ದು ಹೊರಗೆ ಬಿಸಿಲಿಗೆ ಬಂದು ಹಿಡಿದು ನೋಡಿದರು. ಆ ಮೂಲೆಯ ಮೇಲೆ ಅವರ ಹೆಬ್ಬೆರಳು ಎರಡು ಸಲ ಓಡಾಡಿದ್ದನ್ನು ನಾನು ಕಂಡೆ. ಅವರ ಬಲಗಣ್ಣಿನಲ್ಲಿ ಪೊರೆ ಬೆಳೆಯುತ್ತಿತ್ತು, ಯಾರಿಗೂ ಹೇಳದೆ ಕೆಲಸ ನಡೆಸಿದ್ದರು ಎಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

‘ಖರೆನ್ರಿ? ಬಿದ್ದಿಲ್ಲ?’

ಹೆಡ್‌ಮಾಸ್ತರರು ನನ್ನ ಮುಖ ನೋಡುತ್ತಿದ್ದರು. ‘ಖರೇರಿ’ ಎಂದೆ.

ಎಲ್ಲರನ್ನೂ ನಿಲ್ಲಿಸುತ್ತಿದ್ದ ಹಾಗೆ ಹತ್ತು ನಿಮಿಷ ನನ್ನನ್ನೂ ನಿಲ್ಲಿಸಿದ್ದರೆ ಪ್ರಾಯಶಃ ನಾನೂ ಬಾಯಿ ಬಿಡುತ್ತಿದ್ದೆ. ಅವರು ನಿಲ್ಲಿಸಲಿಲ್ಲ. ಮೆಟ್ಟಿಲ ಕೆಳಗೆ ಹೋಗಿ ಕುಳಿತರು. ‘ನೀವು ಹುಡುಗರಿಗೆ ಖರೆ ಹೇಳ್ರಿ ಅಂತ ಕಲಸಾವ್ರು. ನೀವು ಇಲ್ಲ ಅಂದ್ರ ಇಲ್ಲ’ ಎಂದರು. ಆಮೇಲೆ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡು, ‘ಹಂಗಾದ್ರ ನನ್ನ ಕೈಯಾಗ ತಪ್ಪಾಗೇತಿ. ಕೂಡಿಸೂಮುಂದ ಒಳಗಿನ ಗಾಲಿ ಹಲ್ಲು ಕುಂತಿಲ್ಲ’ ಎಂದರು.

ಹೆಡ್‌ಮಾಸ್ತರರಿಗೆ ಅಷ್ಟೇ ಬೇಕಿತ್ತು. ಸರ್ವ ಮಂದಿಗೆ ಬುದ್ಧಿ ಹೇಳುವವರು ಮೊದಲು ತಮ್ಮ ಕೆಲಸ ನೆಟ್ಟಗೆ ಮಾಡಬೇಕು, ಶಾಲೆಯ ವಸ್ತು ಹಾಳು ಮಾಡುವುದೆಂದರೇನು ಎಂದು ಪ್ಯಾಟಿ ನಡುವೆ ನಿಂತು ಜೋರು ಮಾಡಿದರು. ಹಿಂದೆ ಬೈಸಿಕೊಂಡವರೆಲ್ಲ ಸೇರಿದರು. ಯಾರೋ ಹಿಂದಿನಿಂದ, ‘ಕಾಕಾ, ಖರೆ ಹೇಳ್ರಿ, ಎಷ್ಟ ಸಲ ಕೆಡವಿದ್ರಿ?’ ಎಂದು ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಕಾ ತಮ್ಮ ಸ್ವಂತದ ಒಂದು ಕ್ಯಾಮೆರಾ ತೆಗೆದು ಹೆಡ್‌ಮಾಸ್ತರರ ಕೈಗೆ ಕೊಟ್ಟರು. ನನಗೆ ಹೇಗಾಯಿತೆಂದು ಕೇಳಿದರೆ, ಸುಳ್ಳು ಹೇಳುವುದಿಲ್ಲ, ಸಂತೋಷವಾಯಿತು. ಹೂವಿನ ಮಾಸ್ತರ ಎಂದು ಕರೆಸಿಕೊಂಡದ್ದಕ್ಕೆ ತಕ್ಕದ್ದಾಯಿತು ಎಂದುಕೊಂಡು ಬಸ್ಸಿನಲ್ಲಿ ಆರಾಮಾಗಿ ನಿದ್ದೆ ಹೋದೆ.

ಹೆಡ್‌ಮಾಸ್ತರರು ಮೂಡಲಗಿಯಲ್ಲಿ ಹೇಳದ ಮನೆ ಉಳಿಯಲಿಲ್ಲ. ಗಿರಾಕಿ ಕಡಿಮೆಯಾದರು. ಕಡಿಮೆಯಾದದ್ದು ಅಷ್ಟು ದೊಡ್ಡದಲ್ಲ. ಬರುವವರನ್ನೂ ಕಾಕಾ ತಾವೇ ಕಳಿಸತೊಡಗಿದರು. ಶ್ರಾವಣದಲ್ಲೊಮ್ಮೆ ನಾನು ಆ ಕಡೆ ಹಾಯ್ದು ಹೋಗುವಾಗ ಯಾರೋ ಒಬ್ಬ ಗಿರಾಕಿ ಕ್ಯಾಮೆರಾ ಮುಂದೆ ಹಿಡಿದು ನಿಂತಿದ್ದ. ಕಾಕಾ ಮೂರು ಪ್ರಶ್ನೆಯಲ್ಲಿ ಒಂದನ್ನೂ ಕೇಳಲಿಲ್ಲ. ‘ಬೆಳಗಾವಿಗೆ ಒಯ್ರಿ. ನನ್ನ ಕೈಯಾಗ ಬ್ಯಾಡ’ ಎಂದರು. ನಾನು ಕೊಡೆ ಅಡ್ಡ ಹಿಡಿದು ಮುಂದೆ ಹೋದೆ.

ಭಾದ್ರಪದದಲ್ಲಿ ಜೈನರಿಗೆ ಹತ್ತು ದಿನದ ಪರ್ವ. ಅದು ಮುಗಿದ ಮೇಲೆ ಒಂದು ದಿನ, ವರ್ಷದಲ್ಲಿ ಯಾರ ಮನಸ್ಸು ನೋಯಿಸಿದ್ದರೂ ಅವರ ಮನೆಬಾಗಿಲಿಗೆ ಹೋಗಿ ಕೈ ಮುಗಿದು ಕ್ಷಮೆ ಕೇಳುತ್ತಾರೆ. ಕೇಳಿಸಿಕೊಂಡವರೂ ತಿರುಗಿ ಕ್ಷಮೆ ಕೇಳುವುದು ಅವರಲ್ಲಿಯ ಪದ್ಧತಿ. ಅಂದು ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದ್ದೆ. ಬಾಗಿಲಲ್ಲಿ ಕಾಕಾ ನಿಂತಿದ್ದರು. ಉಪವಾಸದಿಂದ ಇನ್ನೂ ಇಳಿದುಹೋಗಿದ್ದರು. ಬಸ್ಸಿನಲ್ಲಿ ನೂಕಿಸಿಕೊಂಡು ಬಂದು ಧೋತರದ ತುದಿಯೆಲ್ಲ ಕೆಸರಾಗಿತ್ತು.

‘ಮಾಸ್ತರ, ಸಿಟ್ಟಿನ್ಯಾಗ ಏನೇನರೆ ಅಂದೇನಿ. ನಿಮ್ಮ ವಸ್ತುನೂ ಹಾಳ ಮಾಡಿದೆ. ಕ್ಷಮಾ ಮಾಡ್ರಿ’ ಎಂದು ನನಗಿಂತ ಇಪ್ಪತ್ತೈದು ವರ್ಷ ಹಿರಿಯ ಮನುಷ್ಯ ಎರಡೂ ಕೈ ಜೋಡಿಸಿದರು.

ನನ್ನ ಕೈಯಲ್ಲಿ ರೊಟ್ಟಿಯ ತುಣುಕು ಇತ್ತು. ಎಲ್ಲ ಮಾಸ್ತರರೂ ನನ್ನನ್ನೇ ನೋಡುತ್ತಿದ್ದರು. ಕಾಕಾ ಜೋಡಿಸಿದ ಕೈ ಇನ್ನೂ ಇಳಿಸಿರಲಿಲ್ಲ. ಈಗ ನಾನು ಹೇಳಬೇಕಾದ ಮಾತು ಯಾವುದೆಂದು ನನಗೆ ಗೊತ್ತಿತ್ತು.

‘ಇರ್ಲಿ ಬಿಡ್ರಿ ಕಾಕಾ, ನಾ ಏನೂ ಮನಸಿನ್ಯಾಗ ಇಟ್ಕೊಂಡಿಲ್ಲ. ಕ್ಷಮಾ ಮಾಡೇನಿ’ ಎಂದೆ.

ಅವರು ತಲೆಯಾಡಿಸಿ, ಹೊಳ್ಳಿ ಬಸ್‌ ಸ್ಟ್ಯಾಂಡಿನ ಕಡೆ ಹೋದರು. ‘ನಿಮ್ಮದು ದೊಡ್ಡ ಮನಸ್ಸು ಸರ್’ ಎಂದರು ಬಾಜೂ ಕುಳಿತ ಗಣಿತದ ಮಾಸ್ತರರು. ನಾನು ಊಟ ಮುಂದುವರಿಸಿದೆ. ಥೂ, ಆ ರೊಟ್ಟಿ ಗಂಟಲಲ್ಲಿ ಇಳಿದಾದರೂ ಹೇಗೆ ಇಳಿಯಿತೋ!

ದೀಪಾವಳಿಯೊಳಗೆ ಅವರು ಅಂಗಡಿ ಮುಚ್ಚಿ, ಘೋಡಗೇರಿಯಲ್ಲಿದ್ದ ಮಗಳ ಮನೆಗೆ ಹೋದರು. ಅದೇ ವರ್ಷ ನಾನು ಕಾಯಂ ಆದೆ. ಹೆಡ್‌ಮಾಸ್ತರರು ನನ್ನ ಬಗ್ಗೆ ಎರಡಲ್ಲ, ನಾಲ್ಕು ಸಾಲು ಒಳ್ಳೆಯದು ಬರೆದಿದ್ದರು. ಪ್ರಾಮಾಣಿಕ ಎಂಬ ಮಾತೂ ಅದರಲ್ಲಿತ್ತು. ಮೂಡಲಗಿಯಿಂದ ಘೋಡಗೇರಿ ಏನು ಕಾಶಿಯಲ್ಲ. ಇವತ್ತು ಹೋಗೋಣ, ಈ ರಜೆಯಲ್ಲಿ ಹೋಗೋಣ ಎನ್ನುತ್ತಾ ಮೂರು ವರ್ಷ ಕಳೆದೆ. ಹೆಂಡತಿ ಮೊದಮೊದಲು ನೆನಪು ಮಾಡುತ್ತಿದ್ದಳು, ಆಮೇಲೆ ಬಿಟ್ಟಳು.

ಬಸ್ಸಿನಲ್ಲಿ ಸುದ್ದಿ ಕೇಳಿದ ಮೂರನೆಯ ದಿನ ಘೋಡಗೇರಿಗೆ ಹೋದೆ. ಮಗಳು ಚಹಾ ತಂದಿಟ್ಟಳು. ಯಾರೆಂದು ಹೇಳಿಕೊಂಡ ಕೂಡಲೇ ಅವಳ ಮುಖ ಅರಳಿತು.

‘ಮೂಡಲಗಿ ಮಾಸ್ತರ ಅಂದ್ರ ನೀವ ಏನ್ರಿ? ಅಪ್ಪಾ ನಿಮ್ಮನ್ನ ನೆನಿಸದ ದಿನಾ ಇಲ್ರಿ. ಊರ ಮಂದೆಲ್ಲಾ ನಕ್ರು, ಅವರೊಬ್ಬರ ಕ್ಷಮಾ ಮಾಡೇನಿ ಅಂದ್ರು ಅಂತಿದ್ರು.’

ನಾನು ಚಹಾದ ಬಟ್ಟಲು ಕೈಗೆತ್ತಿಕೊಂಡೆ. ಅವಳು ಹೇಳುತ್ತಲೇ ಇದ್ದಳು. ‘ಕಣ್ಣು ಆಪರೇಶನ್ ಮಾಡಿಸಿದ್ವಿರಿ. ಛಲೋ ಕಾಣತಿತ್ತು, ಸೂಜಿಗೆ ದಾರಾ ಪೋಣಸ್ತಿದ್ರು. ಆದ್ರ ಮನ್ಯಾಗ ಗಡಿಯಾರ ನಿಂತ್ರೂ ಮುಟ್ಟಲಿಲ್ಲ. ನನ್ನ ಕೈ ಕೆಟ್ಟೈತಿ ತಂಗಿ, ಕೊಟ್ಟ ವಸ್ತು ಹಾಳ ಮಾಡತೈತಿ ಅಂತಿದ್ರು. ಬಿಲ್ಲೆ, ಸೂಜಿ, ಚಿಮಟಾ ಎಲ್ಲಾ ಕಟ್ಟಿ ಅಟ್ಟದ ಮ್ಯಾಲ ಇಟ್ಟಬಿಟ್ರು. ದಿನಾ ಮುಂಜಾನೆ ಎದ್ದು ಕೈ ಮುಂದ ಹಿಡದು ನೋಡ್ಕೋತ ಕುಂದರತಿದ್ರು.’

ಇನ್ನು ತಡೆಯಲಾಗಲಿಲ್ಲ. ‘ತಂಗೀ, ನಿಮ್ಮಪ್ಪನ ಕೈ ಕೆಟ್ಟಿರಲಿಲ್ಲ’ ಎಂದೆ. ‘ಆ ಕ್ಯಾಮೆರಾ ನಾ ಫಾಲ್ಸಿನ್ಯಾಗ ಕೆಡವಿದ್ದೆ. ನೌಕರಿ ಹೋಗತೈತಿ ಅಂತ ಅಂಜಿ ಅವ್ರ ಮ್ಯಾಲ ಹಾಕಿದೆ. ಸುಳ್ಳ ಹೇಳಿದೆ. ನನ್ನ ಕ್ಷಮಾ ಮಾಡವಾ.’

ಅವಳು ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಆ ಮೆಟ್ಟಿಲ ಕೆಳಗೆ ಎಷ್ಟೋ ಸಲ ಕಂಡಿದ್ದೆ, ನನ್ನ ಮೇಲೆ ಬಿದ್ದಾಗ ಸಿಟ್ಟೂ ಮಾಡಿಕೊಂಡಿದ್ದೆ. ಈಗ ತಲೆ ತಗ್ಗಿಸಿದೆ.

‘ಮಾಡದ ತಪ್ಪಿಗೆ ಕ್ಷಮಾ ಕೇಳಾಕ ನಮ್ಮಪ್ಪ ಉಪಾಸ ಇದ್ದು ನಿಮ್ಮ ಸಾಲಿತನಕ ಬಂದಿದ್ರು’ ಎಂದಳು. ‘ಮಾಡಿದ್ದಕ್ಕ ಕೇಳಾಕ ನೀವು ಇಲ್ಲೀತನಕ ಬರಬೇಕಂದ್ರ ಅವ್ರು ಸಾಯಬೇಕಾತೇನ್ರಿ ಮಾಸ್ತರ?’

ಬಸ್ಸಿನ ಹೊತ್ತಾಯಿತು ಎಂದು ಹೇಳಿ ಎದ್ದೆ. ಬಸ್ಸಿಗೆ ಇನ್ನೂ ಒಂದೂವರೆ ತಾಸು ಇತ್ತು.